ಎಂಟನೆಯವರು

ಬೆಳಿಗ್ಗೆ ಎದ್ದಾಗಿನಿಂದ ಅವಳಿಗೆ ಸಿಟ್ಟು. ಯಾರ ಮೇಲೆ ಎಂದು ಗೊತ್ತಾಗದ್ದರಿಂದ ಎದುರಿಗೆ ಸಿಕ್ಕಿದ್ದರ ಮೇಲೆಲ್ಲ ಸಿಟ್ಟು. ಒಂದೇ ಸಲಕ್ಕೆ ತಿರುಗದ ನಲ್ಲಿಯ ಮೇಲೆ, ಹಿಮ್ಮಡಿ ಕಚ್ಚುವ ಹೊಸ ಚಪ್ಪಲಿಯ ಮೇಲೆ, "ಇವತ್ತು ನಿನ್ನ ಭಾಷಣ ಅಲ್ವಾ, ಸ್ವಲ್ಪ ನಗ್‌ನಗ್ತಾ ಮಾತಾಡು" ಎಂದ ಗಂಡನ ಮೇಲೆ. ನಗುವುದನ್ನು ಇವನಿಂದ ಕಲಿಯಬೇಕಾಗಿತ್ತೇ ತಾನು? ನಕ್ಕಿದ್ದರಿಂದಲೇ ತಾನೆ ಇಷ್ಟೆಲ್ಲ ಆದದ್ದು ಎಂದುಕೊಂಡು, ಆ ಮಾತು ಎಲ್ಲಿಂದ ಬಂತೆಂದು ತನಗೇ ಬೆಚ್ಚಿ, ತೊಳೆದಿದ್ದ ಮುಖಕ್ಕೆ ಮತ್ತೊಮ್ಮೆ ನೀರು ಹಾಕಿಕೊಂಡಳು. ಬಸ್ಸಿನಲ್ಲಿ ಕೂತು ಕೈಚೀಲದಿಂದ ಹಾಳೆ ತೆಗೆದಳು. ಆಡಳಿತಾಧಿಕಾರಿಯ ಕಚೇರಿಯವರೇ ಟೈಪು ಮಾಡಿ ಕೊಟ್ಟಿದ್ದ ಭಾಷಣ. ವಿಷಯ: ಒಗ್ಗಟ್ಟಿನ ತಂಡ ಕಟ್ಟುವುದು ಹೇಗೆ. ಮೊದಲನೆಯದು ನಂಬಿಕೆ. ಎರಡನೆಯದು ಮುಕ್ತ ಮಾತುಕತೆ. ಮೂರನೆಯದು ಪರಸ್ಪರ ಗೌರವ ಎಂದು ಓದುವಾಗ ಬಸ್ಸು ಕುಲುಕಿ ಪಕ್ಕದ ಹೆಂಗಸಿನ ಮೊಣಕೈ ತಗುಲಿತು. "ನೋಡ್ಕೊಂಡು ಕೂತ್ಕೊಳ್ರೀ" ಎಂದು ಅವಳು ಎಷ್ಟು ಜೋರಾಗಿ ಸಿಡುಕಿದಳೆಂದರೆ ಮುಂದಿನ ಸೀಟಿನವರೂ ತಿರುಗಿ ನೋಡಿದರು.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅವಳ ವಿಭಾಗ. ಮೇಲಿನ ಆಪರೇಷನ್ ಥಿಯೇಟರುಗಳಿಂದ ರಕ್ತ ಮೆತ್ತಿದ ಕತ್ತರಿ, ಚಿಮಟ, ಚಾಕುಗಳ ಟ್ರೇಗಳು ಒಂದು ಬಾಗಿಲಿನಿಂದ ಇಳಿದು ಬರುತ್ತವೆ. ಅವನ್ನು ತೊಳೆದು, ಒರೆಸಿ, ಒಂದೊಂದನ್ನೂ ಕಣ್ಣಿಟ್ಟು ನೋಡಿ, ನೀಲಿ ಬಟ್ಟೆಯಲ್ಲಿ ಸುತ್ತಿ, ಆಳೆತ್ತರದ ಹಬೆಯಂತ್ರದಲ್ಲಿಟ್ಟು ಬೇಯಿಸಿ, ಇನ್ನೊಂದು ಬಾಗಿಲಿನಿಂದ ಮೇಲಕ್ಕೆ ಕಳಿಸಬೇಕು. ಕಿಟಕಿಯಿಲ್ಲದ ಜಾಗ. ಹೊರಗೆ ಬಿಸಿಲೋ ಮೋಡವೋ ಎಂದು ತಿಳಿಯಬೇಕಾದರೆ ಮೇಲಿಂದ ಬಂದವರ ಮುಖ ನೋಡಬೇಕು. ಅವಳನ್ನು ಎಲ್ಲರೂ ಅಕ್ಕ ಎನ್ನುತ್ತಾರೆ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ. ಎರಡನೇ ವರ್ಷವೂ ಆಸ್ಪತ್ರೆಯ ಅತ್ಯುತ್ತಮ ತಂಡ ಎಂದು ಅವರ ವಿಭಾಗ ಆಯ್ಕೆಯಾಗಿತ್ತು. ಎಂಟು ಜನರ ಕೆಲಸವನ್ನು ಏಳೇ ಜನ ಮಾಡಿ, ಒಂದು ಟ್ರೇಯನ್ನೂ ತಡ ಮಾಡದೆ. ಇವತ್ತು ಹನ್ನೊಂದಕ್ಕೆ ಸಭಾಂಗಣದಲ್ಲಿ ಎಲ್ಲ ವಿಭಾಗಗಳ ಮುಖ್ಯಸ್ಥರ ಎದುರು ಅವಳು ಅದರ ಗುಟ್ಟು ಹೇಳಬೇಕು.

"ಅಕ್ಕಾ, ಇಲ್ಲಿ ಬನ್ನಿ, ಕಾಲರ್ ಮಡ್ಚಿದೆ" ಎಂದು ಬಟ್ಟೆ ಸುತ್ತುವ ಕೆಲಸದಾಕೆ ಅವಳ ಕೋಟು ಸರಿಮಾಡಿದಳು. ಎಲ್ಲರೂ ಒಗೆದ ಕೋಟು ಹಾಕಿ ತಲೆ ಬಾಚಿ ನಿಂತಿದ್ದರು. ಹಬೆಯಂತ್ರ ನಡೆಸುವವನು, ಎಲ್ಲರ ಬಾಯಲ್ಲಿ ಅವನು ನಟ, ಆಗಲೇ ಆಡಳಿತಾಧಿಕಾರಿಯ ಹಾಗೆ ಹೊಟ್ಟೆ ಮುಂದೆ ಮಾಡಿ "ಇದು ಬರೀ ಟೀಮ್ ಅಲ್ಲ, ಕುಟುಂಬ" ಎಂದು ನಡೆದು ತೋರಿಸುತ್ತಿದ್ದ. ಆಮೇಲೆ ಅವಳ ಕೈಯಲ್ಲಿದ್ದ ಭಾಷಣದ ಹಾಳೆಯನ್ನು ಕಿತ್ತುಕೊಂಡು, ಒಂದು ಕಣ್ಣು ಮುಚ್ಚಿ, ಮೂಗು ತಾಗುವಷ್ಟು ಹತ್ತಿರ ಹಿಡಿದು, ತೊದಲುತ್ತ, "ಮೇ... ಮೇಡಂ, ಈ ಪೂರ್ಣವಿರಾಮದಲ್ಲಿ ಸ್ವಲ್ಪ ತುಕ್ಕು ಕಾಣ್ತಿದೆ" ಎಂದ. ಎಲ್ಲರೂ ಹೋ ಎಂದು ನಕ್ಕರು. ಅವಳೂ ನಕ್ಕಳು. ನಕ್ಕ ಮೇಲೆ ನಕ್ಕೆನಲ್ಲ ಎಂದು ಹಾಳೆಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಎಂಟು ತಿಂಗಳಾಗಿತ್ತು ಇವರು ಅಣಕಿಸುವ ಆ ಮನುಷ್ಯ ಇಲ್ಲಿಂದ ಹೋಗಿ. ಇನ್ನೂ ಇವರಿಗೆ ಅವನೇ ಬೇಕು.

ಅವನಿಗೆ ಭೂತಗನ್ನಡಿ ಎಂದು ಹೆಸರಿಟ್ಟಿದ್ದು ಯಾರೆಂದು ಈಗ ಯಾರೂ ಹೇಳಲಾರರು. ತೊಳೆದು ಬಂದ ಉಪಕರಣಗಳನ್ನು ಪರೀಕ್ಷಿಸುವುದು ಆತನ ಕೆಲಸ. ಐವತ್ತಾರು ವರ್ಷದ, ತೆಳ್ಳಗಿನ, ಮಾತು ತಡೆಯುವ ಮನುಷ್ಯ. ಉಳಿದವರು ಕತ್ತರಿಯ ಮೇಲೆ ಒಮ್ಮೆ ಕಣ್ಣಾಡಿಸಿ ಬಿಟ್ಟರೆ ಆತ ದೀಪದ ಕೆಳಗೆ ಗಾಜಿಟ್ಟು ಕತ್ತರಿಯ ಕೀಲಿನ ಸಂದಿಯನ್ನೂ ನೋಡುತ್ತಿದ್ದ. ಐದು ವರ್ಷದ ಹಿಂದೆ ಅವಳು ಇಲ್ಲಿಗೆ ಮುಖ್ಯಸ್ಥಳಾಗಿ ಬಂದಾಗ ಈ ಜಾಗ ಬೆಂಕಿಯಾಗಿತ್ತು. ನಟನಿಗೂ ಬಟ್ಟೆ ಸುತ್ತುವವಳಿಗೂ ಮಾತಿಲ್ಲ. ತೊಳೆಯುವ ಇಬ್ಬರು ಒಬ್ಬರ ಟ್ರೇಯನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಅವಳು ಪಾಳಿ ಬದಲಿಸಿ ನೋಡಿದಳು, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿದಳು, ಬೈದಳು, ಬೇಡಿಕೊಂಡಳು. ಮೇಲಿನವರು ಕಳಿಸಿದ ತರಬೇತಿಗೆ ಹೋಗಿ ದಾರದ ಉಂಡೆಯನ್ನು ಒಬ್ಬರಿಂದೊಬ್ಬರಿಗೆ ಎಸೆಯುವ ಆಟ ಕಲಿತು ಬಂದು ಆಡಿಸಿದಳು. ದಾರ ಗಂಟಾಯಿತು, ಅಷ್ಟೇ. ಒಂದು ಮಧ್ಯಾಹ್ನ ಆ ಮನುಷ್ಯ ಹೊರಗೆ ಹೋಗಿದ್ದಾಗ ನಟ ಆತನ ಕುರ್ಚಿಯಲ್ಲಿ ಕೂತು, ಊಟದ ಚಮಚವನ್ನು ಗಾಜಿನ ಕೆಳಗಿಟ್ಟು, ತೊದಲಿ ತೋರಿಸಿದ. ಮಾತು ಬಿಟ್ಟಿದ್ದವರೆಲ್ಲ ಒಂದೇ ಸಲ ನಕ್ಕರು. ಬಟ್ಟೆ ಸುತ್ತುವವಳು ಕಣ್ಣೊರೆಸಿಕೊಳ್ಳುತ್ತ ನಟನ ಭುಜಕ್ಕೆ ಹೊಡೆದಳು. ನಗು ಮುಗಿಯುವ ಮುಂಚೆ ಎಲ್ಲರೂ ಒಂದು ಕ್ಷಣ ಅವಳ ಕಡೆ ನೋಡಿದರು. ತಡೆಯಬೇಕಾದದ್ದು ಆಗ. ಅವಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಎಂಥ ಹಗುರ! ಆ ಸಂಜೆ ತೊಳೆಯುವ ಇಬ್ಬರೂ ಒಂದೇ ಗಾಡಿಯನ್ನು ತಳ್ಳಿಕೊಂಡು ಹೋದದ್ದನ್ನು ಅವಳು ಬಾಗಿಲಲ್ಲಿ ನಿಂತು ನೋಡಿದಳು.

ಅವಳಿಗೆ ಇದು ಹೊಸದೇನೂ ಆಗಿರಲಿಲ್ಲ. ಅವಳ ಅಪ್ಪ ಅಮ್ಮ ದಿನವಿಡೀ ಜಗಳಾಡುತ್ತಿದ್ದರು. ಊಟಕ್ಕೆ ಕೂತಾಗ ಮಾತ್ರ, ಅಪ್ಪನ ಅಕ್ಕ ಬಾಯಿ ಸಪ್ಪಳ ಮಾಡುತ್ತ ಅಗಿಯುವಾಗ, ಅಮ್ಮ ಅಪ್ಪನ ಕಡೆ ಓರೆಗಣ್ಣಿಂದ ನೋಡುತ್ತಿದ್ದಳು, ಅಪ್ಪನ ತುಟಿ ಅದುರುತ್ತಿತ್ತು. ಆ ಮನೆಯಲ್ಲಿ ಗಂಡ ಹೆಂಡತಿ ಒಂದಾಗುತ್ತಿದ್ದುದು ಆ ಹೊತ್ತಿನಲ್ಲಿ ಮಾತ್ರ. ಎಂಟು ವರ್ಷದ ಅವಳು ಅದನ್ನು ಕಂಡುಕೊಂಡಿದ್ದಳು. ಅಪ್ಪನ ದನಿ ಏರತೊಡಗಿದರೆ ಸಾಕು, ಓಡಿ ಹೋಗಿ ಬಾಯಿ ಸಪ್ಪಳ ಮಾಡಿ ತೋರಿಸುತ್ತಿದ್ದಳು. "ಥೂ, ಕೇಳಿಸುತ್ತೆ ಕಣೇ" ಎಂದು ಅಮ್ಮ ಗದರಿಸುತ್ತಲೇ ನಗುತ್ತಿದ್ದಳು. ಅತ್ತೆಗೆ ಕೇಳಿಸುತ್ತಿತ್ತು. ಅತ್ತೆ ಕೊನೆಕೊನೆಗೆ ಅಗಿಯದೆ ನುಂಗುತ್ತಿದ್ದಳು. ಆ ಹೆಂಗಸು ಸತ್ತ ದಿನ ಅಪ್ಪ ಅಮ್ಮ ಹೊಸದಾಗಿ ಶುರುಮಾಡಿದ ಜಗಳ ಅವರಿಬ್ಬರೂ ಇರುವವರೆಗೆ ನಿಲ್ಲಲೇ ಇಲ್ಲ. ಇದೆಲ್ಲ ಗೊತ್ತಿದ್ದೂ, ಗೊತ್ತಿದ್ದೂ ಮಾಡಿದೆನಲ್ಲ ಎಂದು ಅವಳು ಈಗ ಉಪಕರಣಗಳ ಪಟ್ಟಿಯನ್ನು ಬೇಕಿಲ್ಲದಿದ್ದರೂ ಪಟಪಟನೆ ತಿರುವುತ್ತಿದ್ದಳು. ವಿಭಾಗದಲ್ಲಿ ಬಿಗುವು ಕಂಡಾಗಲೆಲ್ಲ ಆ ಮನುಷ್ಯನ ಮಾತು ತೆಗೆದವಳು ತಾನೇ. "ಏನ್ರಪ್ಪಾ, ಭೂತಗನ್ನಡಿ ಇವತ್ತು ಏನು ಕಂಡುಹಿಡೀತು?" ಸಾಕಾಗುತ್ತಿತ್ತು. ಆಮೇಲೆ ನಗುವೂ ಬೇಕಾಗಲಿಲ್ಲ. ಆತ ಬಂದರೆ ಮಾತು ನಿಲ್ಲುವುದು, ಊಟದ ಮೇಜಿನಲ್ಲಿ ಆತನಿಗೆ ಜಾಗ ಇಲ್ಲದಂತೆ ಎಲ್ಲರೂ ಸ್ವಲ್ಪ ಸ್ವಲ್ಪ ಸರಿದು ಕೂರುವುದು. ಕೆಲಸವೂ ಬಿರುಸಾಯಿತು. ಯಾರೂ ತಡ ಮಾಡಲಿಲ್ಲ, ಯಾರೂ ತಕರಾರು ತೆಗೆಯಲಿಲ್ಲ. ಆತನ ಪಕ್ಕದ ಕುರ್ಚಿ ಯಾರಿಗೂ ಬೇಕಿರಲಿಲ್ಲ.

ಎಂಟು ತಿಂಗಳ ಹಿಂದಿನ ಆ ದಿನ. ಹಬೆಯಂತ್ರಕ್ಕೆ ಒಮ್ಮೆಗೆ ತುಂಬುವ ಪ್ರತಿ ಲೋಡಿನ ನಡುವೆ ಒಂದು ಕಾಗದದ ಪಟ್ಟಿ ಇಡುತ್ತಾರೆ. ಹಬೆ ಸರಿಯಾಗಿ ಹೊಕ್ಕಿದ್ದರೆ ಅದು ಪೂರ್ತಿ ಕಪ್ಪಾಗುತ್ತದೆ. ಆತ ಪಟ್ಟಿಯನ್ನು ಹಿಡಿದು ಅವಳ ಮೇಜಿಗೆ ಬಂದ. "ಇದು ಕಪ್ಪಲ್ಲ ಮೇಡಂ. ಕಂದು. ಇವರು ಸಹಿ ಹಾಕಿ ಕಳಿಸಿದ ಪಟ್ಟಿಗಳನ್ನೂ ತೆಗೆದು ನೋಡಿದೆ, ಮೂರು ದಿನದಿಂದ ಹೀಗೇ ಬರ್ತಿದೆ." ನಟ ಅಲ್ಲಿಂದಲೇ ಕೂಗಿದ, "ಕಪ್ಪೇ ಕಣ್ರೀ, ನಿಮ್ಮ ಗಾಜು ತೊಳ್ಕೊಳ್ಳಿ." ನಗು. ಅವಳು ಪಟ್ಟಿ ನೋಡಿದಳು. ಕಂದಾಗಿತ್ತು. "ಬೆಳಕಿನ ತೊಂದ್ರೆ ಇರ್ಬೇಕು. ಸಹಿ ಹಾಕಿ ಕಳಿಸ್ರಿ" ಎಂದಳು. "ಹಾ... ಹಾಕಲ್ಲ" ಎಂದು ಆತ ಪೆನ್ನನ್ನು ಮೇಜಿನ ಮೇಲಿಟ್ಟು ಕೈ ಹಿಂದೆ ಕಟ್ಟಿಕೊಂಡು ನಿಂತ. ಲೋಡನ್ನು ಪಕ್ಕದ ಯಂತ್ರದಲ್ಲಿ ಮತ್ತೆ ಬೇಯಿಸಿ ಕಳಿಸುವುದರಲ್ಲಿ ನಲವತ್ತು ನಿಮಿಷ. ಸರ್ಜನ್ನು ಕೈಗವಸಿನಲ್ಲೇ ಇಳಿದು ಬಂದು ಎಲ್ಲರ ಎದುರು ಅವಳಿಗೆ ಬಾಯಿಗೆ ಬಂದದ್ದನ್ನೆಲ್ಲ ಅಂದ. ಸಂಜೆ ಆಡಳಿತಾಧಿಕಾರಿ ಕರೆಸಿ ಏನಾಯಿತೆಂದು ಕೇಳಿದಾಗ ಅವಳ ಬಾಯಿಂದ ಬಂದದ್ದು ಒಂದೇ ವಾಕ್ಯ: "ಅವರಿಗೆ ಟೀಮಿನ ಜೊತೆ ಹೊಂದಿಕೆ ಆಗ್ತಿಲ್ಲ ಸಾರ್." ಮರುದಿನವೇ ಆತನನ್ನು ಹಳೇ ಕಡತಗಳ ಕೋಣೆಗೆ ಹಾಕಿದರು. ಅದರ ಮರುದಿನ ಮೆಕ್ಯಾನಿಕ್ ಬಂದು ಯಂತ್ರ ಬಿಚ್ಚಿ ನೋಡಿ ಚೀಟಿ ಬರೆದುಕೊಟ್ಟ: ಬಾಗಿಲಿನ ರಬ್ಬರ್ ಸೀಳಿದೆ, ಕೆಲವು ದಿನಗಳಿಂದ ಹಬೆ ಸೋರಿರಬಹುದು. ಅವಳು ಚೀಟಿಯನ್ನು ಡ್ರಾಯರಿನ ತಳಕ್ಕೆ ಹಾಕಿದಳು. ಯಾರೂ ಕೇಳಲಿಲ್ಲ. ಕೇಳದವರ ಮೇಲೂ ಅವಳಿಗೆ ಸಿಟ್ಟು. ಒಬ್ಬರಾದರೂ ಕೇಳಬಾರದಿತ್ತೇ?

ಸಭಾಂಗಣದಲ್ಲಿ ಎ.ಸಿ. ಜೋರಾಗಿತ್ತು. ಮೊದಲ ಎರಡು ಸಾಲಿನಲ್ಲಿ ವಿಭಾಗಗಳ ಮುಖ್ಯಸ್ಥರು, ಹಿಂದೆ ಅವಳ ಆರು ಜನ, ಮಡಿಲಲ್ಲಿ ಕೈಯಿಟ್ಟುಕೊಂಡು ಶಾಲೆಯ ಮಕ್ಕಳ ಹಾಗೆ. ಆಡಳಿತಾಧಿಕಾರಿ ಮೈಕಿನ ಮುಂದೆ ನಿಂತು ತಂಡ ಎಂದರೆ ಐದು ಬೆರಳು, ಮುಷ್ಟಿ ಎಂದು ಕೈ ಮಡಚಿ ತೋರಿಸುತ್ತಿದ್ದ. "ಇವರ ಗುಟ್ಟೇನು ಅಂತ ಎಲ್ಲರೂ ಕೇಳ್ತಾರೆ. ಮಾತು ಯಾಕೆ, ಈ ಫೋಟೋ ನೋಡಿ ಸಾಕು" ಎಂದು ಹಿಂದಿನ ಪರದೆಯ ಕಡೆ ತಿರುಗಿದ. ಪರದೆಯ ತುಂಬ ಅವರ ಏಳು ಜನರ ಫೋಟೋ. ಕಳೆದ ವರ್ಷ ಎಲ್ಲರೂ ಸೇರಿ ಕೆರೆಯ ದಡಕ್ಕೆ ಹೋಗಿದ್ದಾಗ ತೆಗೆದದ್ದು. ಒಂದೇ ಬಣ್ಣದ ಟೋಪಿ, ಕೈಯಲ್ಲಿ ಹಗ್ಗ, ನಡುವೆ ತಾನು, ಬಾಯಿ ತೆರೆದು ಕಣ್ಣು ಮುಚ್ಚಿ ನಗುತ್ತಿರುವ ತಾನು. "ಈ ನಗು ನೋಡಿ! ಇದನ್ನ ದುಡ್ಡು ಕೊಟ್ಟು ತರಕ್ಕಾಗುತ್ತಾ?" ಎನ್ನುತ್ತಿದ್ದ ಆಡಳಿತಾಧಿಕಾರಿ. ಅವಳು ನೋಡುತ್ತಿದ್ದುದು ಮೂಲೆಯಲ್ಲಿ ಕೆಂಪಗೆ ಮೂಡಿದ್ದ ತಾರೀಖನ್ನು.

ಆ ತಾರೀಖಿಗೆ ಹದಿನೈದು ದಿನ ಮುಂಚೆ ಆ ಮನುಷ್ಯ ಅವಳ ಮೇಜಿನ ಮೇಲೆ ಎರಡೂ ಕೈಯಲ್ಲಿ ಒಂದು ಲಕೋಟೆ ಇಟ್ಟಿದ್ದ. ಮಗಳ ಮದುವೆ. "ಎಲ್ರೂ ಬ... ಬರ್ಬೇಕು ಮೇಡಂ. ನಿಮ್ಗೆ ಅಂತಲೇ ಏಳು ಕುರ್ಚಿಯ ಮೇಜು ಬೇರೆ ಇಡ್ಸಿರ್ತೀನಿ." ಆಗಲಿ ಆಗಲಿ ಎಂದಿದ್ದಳು. ಮಧ್ಯಾಹ್ನ ಕೆರೆಗೆ ಹೋಗುವ ದಿನ ಗೊತ್ತುಮಾಡುವಾಗ ನಟ ಅದೇ ತಾರೀಖು ಹೇಳಿದ. "ಅವತ್ತು ಅವರ ಮನೇಲಿ..." ಎಂದು ಬಟ್ಟೆ ಸುತ್ತುವವಳು ಶುರುಮಾಡಿದಳು. ನಟ, "ಅಯ್ಯೋ, ಅಲ್ಲಿ ಅನ್ನದ ಅಗುಳನ್ನೂ ಗಾಜಿಟ್ಟು ನೋಡಿ ಬಡಿಸ್ತಾರೆ, ಹಸ್ಕೊಂಡು ಸಾಯ್ತೀವಿ" ಎಂದ. ಎಲ್ಲರೂ ಅವಳ ಮುಖ ನೋಡಿದರು. ಅವಳು ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಗುಂಡಗೆ ಗುರುತು ಹಾಕಿದಳು. ಮರೆತಿರಲಿಲ್ಲ. ಮರೆತೆ ಎಂದು ಆಮೇಲೆ ಆತನಿಗೆ ಹೇಳಿದ್ದಳು, ಆತ "ಪರ್ವಾಗಿಲ್ಲ" ಎಂದಿದ್ದ, ಅಷ್ಟೇ. ಆ ಪರವಾಗಿಲ್ಲದ ಮೇಲೆ ಅವಳಿಗೆ ಎಷ್ಟು ಸಿಟ್ಟು ಬಂದಿತ್ತೆಂದರೆ ವಾರವಿಡೀ ಆತನ ಟ್ರೇಗಳಲ್ಲಿ ತಪ್ಪು ಹುಡುಕಿದ್ದಳು.

ಹೆಸರು ಕರೆದರು. ಚಪ್ಪಾಳೆ. ಮೈಕಿನ ಮುಂದೆ ಹಾಳೆ ಬಿಡಿಸಿದಳು. ಮೊದಲನೆಯದು ನಂಬಿಕೆ. ಅಕ್ಷರಗಳು ಕಾಣುತ್ತಿದ್ದವು, ಓದಲು ಬಾಯಿ ಬರಲಿಲ್ಲ. ಬೆನ್ನ ಹಿಂದೆ ತನ್ನದೇ ನಗು ಗೋಡೆಯಷ್ಟು ದೊಡ್ಡದಾಗಿ ನಿಂತಿತ್ತು.

"ಈ ಫೋಟೋ ತೆಗೆದ ದಿನ ನಮ್ಮ ವಿಭಾಗದ ಎಂಟನೆಯವರ ಮಗಳ ಮದುವೆ" ಎಂದಳು. "ನಮ್ಮನ್ನೆಲ್ಲ ಕರೆದಿದ್ರು. ನಾವು ಹೋಗ್ಲಿಲ್ಲ. ಆ ದಿನಾನೇ ನೋಡಿ ಕೆರೆಗೆ ಹೋದ್ವಿ. ಗುಟ್ಟು ಕೇಳಿದ್ರಲ್ಲ, ಇದೇ ಗುಟ್ಟು. ಒಬ್ಬರನ್ನ ಹೊರಗೆ ನಿಲ್ಸಿ. ಉಳಿದವ್ರು ತಾವಾಗೇ ಒಂದಾಗ್ತಾರೆ. ದಾರದ ಉಂಡೆ ಬೇಕಾಗಲ್ಲ." ಯಾರೋ ನಕ್ಕರು, ತಮಾಷೆ ಎಂದುಕೊಂಡು. ಅದು ಅವಳನ್ನು ಇನ್ನಷ್ಟು ಕೆರಳಿಸಿತು. "ನಗ್ಬೇಡಿ. ನಾವೂ ಹೀಗೇ ನಕ್ವಿ. ಅವರ ತೊದಲನ್ನ ಮಿಮಿಕ್ರಿ ಮಾಡಿ ನಕ್ವಿ. ಮುಂದಿನ ಸರದಿ ತಮ್ದು ಆಗ್ಬಾರ್ದು ಅಂತ ಎಲ್ರೂ ಬೆವರು ಸುರಿಸಿ ಕೆಲ್ಸ ಮಾಡಿದ್ರು. ಅದಕ್ಕೆ ನೀವು ಬಹುಮಾನ ಕೊಡ್ತಿದೀರಿ. ಅವರು ಒಂದಿನ ಲೋಡ್ ನಿಲ್ಸಿದ್ರು, ಹೊಂದಿಕೆ ಇಲ್ಲ ಅಂತ ನಾನೇ ಹೊರಗೆ ಹಾಕ್ಸಿದೆ. ಅವರು ಹೇಳಿದ್ದು ಸರಿ ಇತ್ತು. ಮೂರು ದಿನದಿಂದ ರಬ್ಬರ್ ಸೀಳಿತ್ತು. ಚೀಟಿ ನನ್ನ ಡ್ರಾಯರಿನಲ್ಲೇ..."

ಅಷ್ಟರಲ್ಲಿ ಆಡಳಿತಾಧಿಕಾರಿ ಎದ್ದು ನಿಂತು ಚಪ್ಪಾಳೆ ತಟ್ಟತೊಡಗಿದ್ದ. ನಗುತ್ತಲೇ ಬಂದು ಮೈಕನ್ನು ತನ್ನ ಕಡೆ ತಿರುಗಿಸಿಕೊಂಡ. "ನೋಡಿದ್ರಾ? ಇದೇ ನಿಜವಾದ ನಾಯಕತ್ವ! ತನ್ನ ತಪ್ಪನ್ನ ಹತ್ತು ಜನರ ಮುಂದೆ ಒಪ್ಕೊಳ್ಳೋ ಧೈರ್ಯ ಇಲ್ಲಿ ಎಷ್ಟು ಜನಕ್ಕಿದೆ?" ಸಾಲುಸಾಲಾಗಿ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಲ್ಯಾಬಿನ ಮುಖ್ಯಸ್ಥೆ ಕಣ್ಣೊರೆಸಿಕೊಂಡಳು. ಅವಳ ಕೈಗೆ ಗಾಜಿನ ಫಲಕ ಬಂತು, ಫೋಟೋದವನು ಇತ್ತ ನೋಡಿ ಎಂದ. ಆಡಳಿತಾಧಿಕಾರಿ ಕ್ಯಾಮೆರಾದ ಕಡೆ ಹಲ್ಲು ತೋರಿಸುತ್ತಲೇ ತುಟಿ ಅಲುಗದ ಹಾಗೆ ಹೇಳಿದ: "ಡ್ರಾಯರಿನ ವಿಷ್ಯ ಡ್ರಾಯರಿನಲ್ಲೇ ಇರ್ಲಿ ಮೇಡಂ." ಹೊಡೆಯಬೇಕು ಎನಿಸಿತು. ಈ ಫಲಕದಿಂದಲೇ ಆ ಹಲ್ಲಿಗೆ. ಬದಲಿಗೆ ಅವಳು ಕ್ಯಾಮೆರಾ ನೋಡಿದಳು. ಇಷ್ಟು ಕಷ್ಟಪಟ್ಟು ಹೊರಗೆ ಹಾಕಿದ್ದನ್ನು ಇವರು ಎರಡು ನಿಮಿಷದಲ್ಲಿ ನುಂಗಿ ತೇಗಿದ್ದರು.

ನೆಲಮಾಳಿಗೆಗೆ ಇಳಿದಾಗ ಆರೂ ಜನ ಕೈಕಟ್ಟಿ ನಿಂತಿದ್ದರು. ನಟನ ಮುಖ ಕಪ್ಪಿಟ್ಟಿತ್ತು.

"ನನ್ನ ಹೆಸ್ರು ಯಾಕೆ ಎತ್ತಿದ್ರಿ?"

"ಯಾರ ಹೆಸ್ರೂ ಎತ್ತಿಲ್ಲ."

"ಮಿಮಿಕ್ರಿ ಅಂದ್ರೆ ಈ ಆಸ್ಪತ್ರೇಲಿ ಇನ್ಯಾರು? ಮೂರು ದಿನದ ಲೋಡಿಗೂ ಸಹಿ ನಂದೇ ಇದೆ. ಕುತ್ತಿಗೆಗೆ ಬರೋದು ನಂಗೆ. ನಿಮ್ಗೆ ಫಲಕ, ಚಪ್ಪಾಳೆ."

"ನಿಂಗೆ ಸಹಿ ಹಾಕು ಅಂತ ಯಾರಾದ್ರೂ ಹೇಳಿದ್ರಾ? ಕಣ್ಣಿರ್ಲಿಲ್ವಾ ನಿಂಗೆ? ಕಂದು ಬಣ್ಣ ಕಾಣ್ಲಿಲ್ವಾ?" ಅವಳು ಕಿರುಚುತ್ತಿದ್ದಳು. ಆ ಚಮಚದ ಮಧ್ಯಾಹ್ನದ ಮೇಲೆ ಇವರಲ್ಲಿ ಯಾರೂ ಹೀಗೆ ಕಿರುಚಿರಲಿಲ್ಲ.

"ಕಾಣ್ತು" ಎಂದ ನಟ. "ಕಾಣ್ತು, ಆದ್ರೆ ನಿಲ್ಸಿದ್ರೆ ನೀವು ನನ್ನ ಏನಂತಿದ್ರಿ ಅಂತಾನೂ ಕಾಣ್ತು."

ಬಟ್ಟೆ ಸುತ್ತುವವಳು ಮುಂದೆ ಬಂದಳು. ಬೆಳಿಗ್ಗೆ ಕಾಲರ್ ಸರಿಮಾಡಿದ ಕೈಗಳು ಈಗ ಸೊಂಟದ ಮೇಲಿದ್ದವು. "ನಾವು ನಕ್ವಿ. ಸುಳ್ಳು ಹೇಳಲ್ಲ. ಆದ್ರೆ ನಾವು ನಗೋ ಮುಂಚೆ ನಿಮ್ಮ ಮುಖ ನೋಡ್ತಿದ್ವಿ. ನೀವು ನಕ್ರೆ ನಗ್ತಿದ್ವಿ. ಒಂದಿನ ನಾನು ನಿಮ್ಮ ಹತ್ರ ಬಂದು, ಪಾಪ, ಅವರು ಮೆಟ್ಟಲ ಮೇಲೆ ಕೂತು ಊಟ ಮಾಡ್ತಾರೆ ಅಂದೆ. ಏನಂದ್ರಿ, ನೆನಪಿದ್ಯಾ?"

ಅವಳಿಗೆ ನೆನಪಿರಲಿಲ್ಲ.

"ನಿಂಗೂ ಒಂದು ಭೂತಗನ್ನಡಿ ಕೊಡ್ಸ್ಲೇನೇ ಅಂದ್ರಿ. ಅವತ್ತಿಂದ ನಾನು ಬಾಯಿ ಬಿಟ್ಟಿಲ್ಲ. ಇವತ್ತು ಅಲ್ಲಿ ನಿಂತ್ಕೊಂಡು ನಮ್ಮನ್ನೆಲ್ಲ ಸೇರ್ಸಿ ನಾವು ನಾವು ಅಂದ್ರಲ್ಲ, ಕೇಳದೇ ಮಾತಾಡಿದ್ರಲ್ಲ, ಅದೂ ನಿಮ್ದೇ ಲೀಡರ್‌ಶಿಪ್ಪು." ಅಕ್ಕ ಎನ್ನದೆ ಅವಳು ಇಷ್ಟು ಮಾತಾಡಿದ್ದು ಇದೇ ಮೊದಲು.

ಮೇಲಿಂದ ಟ್ರೇಗಳು ಬಂದ ಗಂಟೆ ಹೊಡೆಯಿತು. ಒಬ್ಬೊಬ್ಬರಾಗಿ ತಮ್ಮ ತಮ್ಮ ಜಾಗಕ್ಕೆ ಹೋದರು. ನಟ ಹೋಗುತ್ತ ಒಂದು ಖಾಲಿ ಗಾಡಿಯನ್ನು ಗೋಡೆಗೆ ಒದ್ದ. ಅವಳು ಡ್ರಾಯರನ್ನು ಪೂರ್ತಿ ಹೊರಗೆಳೆದು, ತಳದಲ್ಲಿದ್ದ ಚೀಟಿಯನ್ನು ಹುಡುಕಿ, ಮಡಚದೆ ಕೈಯಲ್ಲೇ ಹಿಡಿದುಕೊಂಡು ಹೊರಟಳು.

ಹಳೇ ಕಡತಗಳ ಕೋಣೆ ಹಿಂದಿನ ಕಟ್ಟಡದ ಮೂರನೇ ಮಹಡಿಯಲ್ಲಿತ್ತು. ಲಿಫ್ಟ್ ಇಲ್ಲ. ಹಿಮ್ಮಡಿ ಉರಿಯುತ್ತಿತ್ತು. ಹತ್ತುವಾಗಲೆಲ್ಲ ಹೇಳಬೇಕಾದ ಮಾತು ಜೋಡಿಸಿದಳು, ಜೋಡಿಸಿದ್ದು ಪ್ರತಿ ತಿರುವಿನಲ್ಲೂ ಭಾಷಣದ ಹಾಗೆ ಕೇಳಿಸಿತು. ಕೋಣೆಯ ತುಂಬ ಕಬ್ಬಿಣದ ಕಪಾಟುಗಳು, ನಡುವೆ ಒಂದು ಮೇಜು. ಅವರು ಒಂದು ಕಡತಕ್ಕೆ ದಾರ ಕಟ್ಟುತ್ತಿದ್ದರು. ತಲೆಯೆತ್ತಿ ನೋಡಿದರು. ಎದ್ದು ನಿಲ್ಲಲಿಲ್ಲ, ಕೂತುಕೊಳ್ಳಿ ಎನ್ನಲಿಲ್ಲ. ಎದುರಿಗೆ ಕುರ್ಚಿಯಿತ್ತು, ಅದರ ಮೇಲೆ ಕಡತಗಳಿದ್ದವು.

"ತಪ್ಪಾಯ್ತು" ಎಂದಳು. ಮೆಟ್ಟಿಲ ಮೇಲೆ ಜೋಡಿಸಿದ್ದೆಲ್ಲ ಇಷ್ಟಕ್ಕೆ ಇಳಿದಿತ್ತು. "ಸಭೇಲೂ ಹೇಳ್ಬಂದೆ. ಎಲ್ಲಾ ಹೇಳ್ದೆ. ಮದುವೆ ದಿನದ್ದೂ."

"ಚಪ್ಪಾಳೆ ಕೇ... ಕೇಳಿಸ್ತು" ಎಂದರು.

ಅವಳ ಕಿವಿ ಬಿಸಿಯಾಯಿತು.

"ಏಳು ಕುರ್ಚಿ" ಎಂದರು ಅವರು ದಾರದ ಗಂಟು ಬಿಗಿಯುತ್ತ. "ಮೇಜು ತೆಗೀಲಾ ಅಂತ ಊಟದೋರು ಮೂರು ಸಲ ಕೇಳಿದ್ರು. ಬರ್ತಾರೆ, ಬರ್ತಾರೆ ಅಂದೆ. ಬೀಗರ ಕಡೆಯವ್ರು ಕೂರಕ್ಕೆ ಜಾಗ ಇಲ್ದೆ ನಿಂತಿದ್ರು, ನಾನು ಬಿಟ್ಕೊಡ್ಲಿಲ್ಲ. ನನ್ನ ಮಗಳು ಅವಳ ಮದುವೆ ದಿನ ನನ್ನ ಕೈ ಹಿಡ್ಕೊಂಡು, ಅಪ್ಪಾ, ಸಾಕು, ತೆಗ್ಸಿಬಿಡಿ ಅಂದ್ಳು." ದನಿ ಏರಿತ್ತು. ಆ ದನಿಯಲ್ಲಿ ತೊದಲಿರಲಿಲ್ಲ. "ಮರೆತೋಯ್ತು ಅಂದ್ರಿ ಆಮೇಲೆ. ಹೋಗ್ಲಿ ಬಿಡಿ. ಕ್ಷಮೆ ಕೇಳಿದ್ರಿ, ಕೇಳಿಸ್ಕೊಂಡೆ. ಕೊಡಕ್ಕೆ ನನ್ನ ಹತ್ರ ಏನೂ ಇಲ್ಲ. ಈಗ ಇದನ್ನ ನೋಡಿ."

ಕಪಾಟಿನಿಂದ ತೆಳ್ಳಗಿನ ಒಂದು ಕಡತ ತೆಗೆದು ಮೇಜಿನ ಮೇಲಿಟ್ಟರು. ಗೆರೆ ಹಾಕಿದ ಹಾಳೆಯಲ್ಲಿ ಸಣ್ಣ, ನೆಟ್ಟಗಿನ ಅಕ್ಷರ. ಆ ಮೂರು ದಿನ ಆ ಯಂತ್ರದಿಂದ ಹೋದ ಪ್ರತಿ ಟ್ರೇ, ಅದು ಯಾವ ಆಪರೇಷನ್ನಿಗೆ ಹೋಯಿತು, ಆ ರೋಗಿ ಆಮೇಲೆ ಏನಾದರು. ಹತ್ತೊಂಬತ್ತು ಸಾಲು. ಹದಿನೇಳರ ಮುಂದೆ, ತೊಂದರೆ ಕಂಡಿಲ್ಲ. ಎರಡರ ಮುಂದೆ ಕೆಂಪು ಗೆರೆ.

"ಎಂಟು ತಿಂಗಳಿಂದ ಇದನ್ನೇ ಮಾಡ್ತಿದ್ರಾ?"

"ಕಡತದ ಕೋಣೆಗೆ ಕಳಿಸಿದ್ದು ನೀವೇ. ಇಲ್ಲಿ ಇರೋದು ಇದೇ."

ಅವಳು ಕೆಂಪು ಗೆರೆಯ ಮೊದಲ ಸಾಲು ಓದಿದಳು. ಟೈಲರ್, ಹೆಂಗಸು, ನಲವತ್ತೊಂದು ವರ್ಷ, ಬಲ ಮೊಣಕಾಲು. ಹನ್ನೊಂದನೇ ದಿನ ಕೀವು. ಎರಡು ಸಲ ಮತ್ತೆ ತೆರೆದಿದ್ದಾರೆ. ಕಾಲು ಮಡಚಲಾಗುವುದಿಲ್ಲ. ಹೊಲಿಗೆಯ ಯಂತ್ರ ತುಳಿಯುವ ಕಾಲು, ಎಂದುಕೊಂಡಳು. ಎರಡನೆಯ ಸಾಲಿಗೆ ಕಣ್ಣು ಇಳಿಯಲಿಲ್ಲ.

"ಆ ರಬ್ಬರಿನಿಂದ್ಲೇ ಆಗಿದ್ದು ಅಂತ ಹೇಳಕ್ಕಾಗಲ್ಲ" ಎಂದರು ಅವರು. "ಬೇರೆ ಕಾರಣಾನೂ ಇರ್ಬಹುದು. ಅದಕ್ಕೇ ವಿಚಾರಣೆ ಆಗ್ಬೇಕು ಅಂತಿರೋದು. ಇವರಿಬ್ರಿಗೂ ತಿಳಿಸ್ಬೇಕು. ಆಡಳಿತಕ್ಕೆ ಮೂರು ಸಲ ಬರ್ದೆ. ವಿಭಾಗದ ಮುಖ್ಯಸ್ಥರ ಸಹಿ ಇಲ್ಲ ಅಂತ ವಾಪಸ್ ಬಂತು."

"ನನ್ನ ಹತ್ರ ಯಾಕೆ ಬರ್ಲಿಲ್ಲ?" ಎಂದು ಸಿಡಿದಳು. ಈ ಮನುಷ್ಯನ ತಾಳ್ಮೆಯ ಮೇಲೆ, ಈ ನೆಟ್ಟಗಿನ ಅಕ್ಷರಗಳ ಮೇಲೆ ಅವಳಿಗೆ ತಡೆಯಲಾರದ ಸಿಟ್ಟು ಬಂದಿತ್ತು. "ಬಂದು ಬೈಬಹುದಿತ್ತಲ್ಲ! ನಾಲ್ಕು ಜನರ ಮುಂದೆ ನನ್ನ ಮಾನ ತೆಗೀಬಹುದಿತ್ತಲ್ಲ! ಪರ್ವಾಗಿಲ್ಲ, ಪರ್ವಾಗಿಲ್ಲ ಅನ್ಕೊಂಡು..."

"ಬಂದಿದ್ದೆ. ಹೋದ ತಿಂಗಳು. ಇದೇ ಹಾಳೆ ತಂದಿದ್ದೆ. ಬಾಗ್ಲಲ್ಲಿ ಹತ್ತು ನಿಮಿಷ ನಿಂತೆ. ಒಳಗೆ ಎಲ್ರೂ ನಗ್ತಿದ್ರಿ."

ಕೆಳಗೆ ರಸ್ತೆಯಲ್ಲಿ ಯಾವುದೋ ಲಾರಿ ಹಿಂದಕ್ಕೆ ತೆಗೆದುಕೊಳ್ಳುತ್ತ ಒಂದೇ ಸಮನೆ ಪೀಪೀ ಎನ್ನುತ್ತಿತ್ತು. ಅವಳು ಕೈಯಲ್ಲಿದ್ದ ಚೀಟಿಯನ್ನು ಮೇಜಿನ ಮೇಲಿಟ್ಟಳು. ಅವರು ಅದನ್ನು ಓದಿ, ತಿರುಗಿಸಿ ಹಿಂಬದಿಯನ್ನೂ ನೋಡಿ, ಹಾಳೆಗಳ ಹಿಂದೆ ಪಿನ್ನು ಹಾಕಿದರು. ಥ್ಯಾಂಕ್ಸ್ ಎನ್ನಲಿಲ್ಲ. ಪೆನ್ನನ್ನು ಅವಳ ಕಡೆ ತಿರುಗಿಸಿ ಇಟ್ಟರು.

ಈ ಸಹಿ ಬಿದ್ದರೆ ಆ ಮೂರು ದಿನದ ಪ್ರತಿ ಪಟ್ಟಿಯನ್ನೂ ಯಾರೋ ಹೊರತೆಗೆಯುತ್ತಾರೆ. ನಟ ಹೋಗುತ್ತಾನೆ. ಅವನಿಗೆ ಇಬ್ಬರು ಮಕ್ಕಳು. ತಾನಂತೂ ಹೋಗುತ್ತೇನೆ. ಗಂಡನಿಗೆ ಏನು ಹೇಳುವುದು? ಆ ಆರು ಜನ ತನ್ನ ಹೆಸರನ್ನು ಯಾವ ದನಿಯಲ್ಲಿ ಹೇಳಿಕೊಂಡು ಊಟಕ್ಕೆ ಕೂರುತ್ತಾರೆಂದು ಅವಳಿಗೆ ಈಗಲೇ ಕೇಳಿಸುತ್ತಿತ್ತು. ಸಭಾಂಗಣದಲ್ಲಿ ಅಷ್ಟು ಸಲೀಸಾಗಿ ಬಂದ ಧೈರ್ಯ ಇಲ್ಲಿ, ಈ ಒಬ್ಬರ ಎದುರು, ನೋಡುವವರಿಲ್ಲದ ಕಡೆ ಬರಲಿಲ್ಲ. ಪೆನ್ನು ಹಿಡಿದು ನಿಂತೇ ಇದ್ದಳು. ಅವರು ಅವಸರ ಮಾಡಲಿಲ್ಲ. ಇನ್ನೊಂದು ಕಡತವನ್ನು ಎಳೆದುಕೊಂಡು ಪುಟಗಳನ್ನು ಎಣಿಸತೊಡಗಿದರು. ಅವಳು ಬಲವಂತವಾಗಿ ಕಣ್ಣನ್ನು ಎರಡನೆಯ ಕೆಂಪು ಗೆರೆಗೆ ಇಳಿಸಿ, ಆ ಸಾಲನ್ನು ಕೊನೆಯವರೆಗೂ ಓದಿದಳು. ಬಗ್ಗಿ ಸಹಿ ಹಾಕಿದಳು.

ಅವರು ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. "ತಾರೀಖು ಹಾಕಿಲ್ಲ."

"ಯಾವುದು ಹಾಕ್ಲಿ? ಇವತ್ತಿಂದಾ?" ಒಂದು ಕ್ಷಣ ಅವಳಿಗೆ ನಿಜವಾಗಿಯೂ ತಿಳಿಯಲಿಲ್ಲ. "ಆವತ್ತಿಂದಾ?"

ಬಂದಾಗಿನಿಂದ ಮೊದಲ ಸಲ ಅವರು ಅವಳ ಮುಖವನ್ನು ನೇರವಾಗಿ ನೋಡಿದರು.

"ಇವತ್ತಿಂದೇ ಹಾಕಿ. ಎಂಟು ತಿಂಗಳು ತಡ ಆಯ್ತು ಅಂತ ಓದೋರಿಗೆ ಗೊತ್ತಾಗ್ಲಿ."

ಹಾಕಿದಳು. ಅಂಕಿಗಳು ಓರೆಯಾದವು. ಅವರು ತಿದ್ದಲು ಹೇಳಲಿಲ್ಲ.